ಆ ಅಮ್ಮ ಮೊದಲ ದಿನವೇ ಹೇಳಿದ್ದರು

ವಾರಕ್ಕೆ ಎರಡು ದಿನ ಮೈಸೂರಿನಿಂದ ಬೆಳಗಿನ ಟ್ರೈನಿನಲ್ಲಿ ಮಂಡ್ಯಕ್ಕೆ ಹೋಗುತ್ತೇನೆ. ಬ್ಯಾಗಿನಲ್ಲಿ ಬೇರಿನೊಳಗಿನ ನರದ ದಾರಿ, ಅಂದರೆ ಕೆನಾಲ್, ಕೆರೆಯುವ ಸೂಜಿಯಂಥ ಫೈಲ್‌ಗಳ ಡಬ್ಬಿ, ಅವನ್ನು ತಿರುಗಿಸುವ ಎಂಡೋಮೋಟರ್, ಬೇರಿನ ತುದಿ ಬಂತು ಅಂತ ಬೀಪ್ ಮಾಡಿ ಹೇಳುವ ಅಪೆಕ್ಸ್ ಲೊಕೇಟರ್. ಅಲ್ಲಿನ ಒಂದು ಕ್ಲಿನಿಕ್‌ನಲ್ಲಿ ಕಷ್ಟದ ರೂಟ್ ಕೆನಾಲ್‌ಗಳನ್ನೆಲ್ಲ ನನಗೆ ಅಂತ ಎತ್ತಿಟ್ಟಿರುತ್ತಾರೆ. ಆ ದಿನದ ಪುಸ್ತಕದಲ್ಲಿ ‘16, ರೀ-ಆರ್‌ಸಿಟಿ, 45 ನಿಮಿಷ’ ಅಂತ ಬರೆದಿತ್ತು. 16 ಅಂದರೆ ಮೇಲೆ ಬಲಗಡೆಯ ಮೊದಲ ಮೋಲಾರ್, ದೊಡ್ಡ ದವಡೆ ಹಲ್ಲು; ರೀ-ಆರ್‌ಸಿಟಿ ಅಂದರೆ ಒಮ್ಮೆ ಆದ ರೂಟ್ ಕೆನಾಲನ್ನು ಮತ್ತೆ ಮಾಡೋದು. ಈ 45 ನಿಮಿಷದ ಬಗ್ಗೆ ನನಗೆ ಇವತ್ತಿಗೂ ಸಿಟ್ಟಿದೆ. ಕ್ಯಾಪ್ ಕತ್ತರಿಸಬೇಕು, ಅದರ ಕೆಳಗಿನ ಕೋರ್ ಫಿಲ್ಲಿಂಗ್ ತೆಗೆಯಬೇಕು, ಕೆನಾಲ್‌ಗೆ ತುಂಬಿದ ಹಳೇ ಜಿಪಿ (ರಬ್ಬರಿನಂಥ ಗಟಾಪರ್ಚಾ) ಕೀಳಬೇಕು, ಆಮೇಲೆ ತಾನೇ ನಿಜವಾದ ಕೆಲಸ ಶುರುವಾಗೋದು? ಹೊಸ ಹಲ್ಲಿಗೂ ಅಷ್ಟೇ ಹೊತ್ತು, ಇದಕ್ಕೂ ಅಷ್ಟೇ ಅಂದರೆ ಹೇಗೆ?

ಬಂದವರು ಪಾಂಡವಪುರದ ಕಡೆಯ ಒಬ್ಬ ಅಮ್ಮ. ಆರು ವರ್ಷದ ಹಿಂದೆ ಬೇರೆ ಕಡೆ ನರ ತೆಗೆಸಿ ಕ್ಯಾಪ್ ಹಾಕಿಸಿಕೊಂಡಿದ್ದರು. ಈಗ ಅಗಿದರೆ ನೋವು. ಜೊತೆಗೆ ಇನ್ನೊಂದು ಮಾತು ಹೇಳಿದರು. “ತಣ್ಣೀರು ಕುಡುದ್ರೆ ಜುಂ ಅಂತದೆ ಕಣವ್ವ.”

“ನರ ತೆಗೆದ ಹಲ್ಲಿಗೆ ತಣ್ಣೀರು ಗೊತ್ತಾಗಲ್ಲಮ್ಮ, ಪಕ್ಕದ್ದಿರಬೇಕು” ಅಂದೆ. ಪಕ್ಕದ 15ರ ಬುಡ ಸ್ವಲ್ಪ ಸವೆದಿತ್ತು. ಅದಕ್ಕೊಂದು ಜಿಐಸಿ ಫಿಲ್ಲಿಂಗ್ ಹಾಕಿಬಿಟ್ಟೆ. “ಅದಲ್ಲ ಕಣವ್ವ, ಇದು” ಅಂತ ಅವರು ಕ್ಯಾಪ್ ಮೇಲೆ ಬೆರಳಿಟ್ಟು ತೋರಿಸಿದ್ದರು. ನಾನು ಆಗಲೇ ಎಕ್ಸ್‌ರೇ ನೋಡುತ್ತಿದ್ದೆ.

ಎಕ್ಸ್‌ರೇಯಲ್ಲಿ ಮೂರು ಕೆನಾಲ್ ತುಂಬಿದ್ದವು. ಕೆನ್ನೆ ಕಡೆಯ ಮುಂದಿನ ಬೇರಿನ ಕೆನಾಲ್, ಎಂಬಿಯಲ್ಲಿ, ಜಿಪಿ ಮೂರು ಮಿಲಿಮೀಟರ್ ಕಮ್ಮಿ ಇತ್ತು. ಸಿಕ್ಕಿತಲ್ಲ ಕಾರಣ ಅಂದುಕೊಂಡೆ. ಸಿಸ್ಟರ್ ಕಡೆ ತಿರುಗಿ, ಮೊದಲು ಮಾಡಿದವರು ಪೂರ್ತಿ ತುಂಬಿಲ್ಲ ನೋಡಿ ಅಂತ ಆ ಅಮ್ಮನಿಗೂ ಕೇಳುವ ಹಾಗೆ ಹೇಳಿದೆ. ಕೋನ ಬದಲಿಸಿ ಇನ್ನೊಂದು ಎಕ್ಸ್‌ರೇ ತೆಗೆಯಲಿಲ್ಲ. ತೆಗೆದಿದ್ದರೆ ಆ ಜಿಪಿ ಬೇರಿನ ನಡುವೆ ಇಲ್ಲದೆ ಒಂದು ಪಕ್ಕಕ್ಕೆ ಸರಿದಿರೋದು ಅವತ್ತೇ ಕಾಣುತ್ತಿತ್ತು.

ಇಂಜೆಕ್ಷನ್ ಕೊಟ್ಟು ಶುರು ಮಾಡಿದೆ. ಜಿಪಿ ಬೇಗ ಬಂತು, ಆದರೆ ಎಂಬಿಯಲ್ಲಿ ಲೆಡ್ಜ್, ಫೈಲ್ ಮುಂದೆ ಹೋಗದಂತೆ ತಡೆಯುವ ಮೆಟ್ಟಿಲು. 10ನೇ ನಂಬರ್ ಕೆ ಫೈಲಿನ ತುದಿ ಬಗ್ಗಿಸಿ, ತಿರುಗಿಸಿ, ತೆಗೆದು, ಮತ್ತೆ ಬಗ್ಗಿಸಿ ಒಂದೂವರೆ ಗಂಟೆ ಅಲ್ಲೇ ಕೂತೆ. ಹೊರಗೆ ಮೂರು ಪೇಷಂಟ್ ಕಾಯುತ್ತಿದ್ದರು, ಮಾಲೀಕರು ಎರಡು ಸಲ ಬಾಗಿಲು ತೆರೆದು ನೋಡಿ ಹೋದರು. ಕೊನೆಗೆ ಫೈಲ್ ದಾಟಿತು, ಲೆಂತ್ ಸಿಕ್ಕಿತು. ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಔಷಧಿ ಇಟ್ಟು ಕಳಿಸಿದೆ. ವಾಪಸ್ ಟ್ರೈನಿನಲ್ಲಿ ಕೂತಾಗ ತುಂಬಾ ಖುಷಿಯಾಗಿದ್ದೆ.

ಹತ್ತು ದಿನ ಬಿಟ್ಟು ಬಂದರು. ಅಗಿಯುವ ನೋವು ಕಮ್ಮಿ ಆಗಿದೆ, ತಣ್ಣೀರಿನದು ಹಾಗೇ ಇದೆ, ಈಗ ಇನ್ನೂ ಜಾಸ್ತಿ ಅಂದರು. ಈ ಸಲ ಇಂಜೆಕ್ಷನ್ ಕೊಟ್ಟಿರಲಿಲ್ಲ. ಒಳಗೆ ಜೀವ ಇರೋದು ಏನೂ ಇಲ್ಲ ಅನ್ನೋದು ನನ್ನ ಲೆಕ್ಕ. ತಾತ್ಕಾಲಿಕ ಫಿಲ್ಲಿಂಗ್ ಕ್ಯಾವಿಟ್ ತೆಗೆದು ತೊಳೆದು, ಎಂಬಿಯಿಂದ ಅಂಗುಳದ ಕಡೆಗೆ ಹೋಗುವ ಗೆರೆಯ ಮೇಲೆ ಸುಮ್ನೆ ಚೂಪು ತುದಿಯ ಎಕ್ಸ್‌ಪ್ಲೋರರ್ ಎಳೆದೆ. ಅವರ ಎರಡೂ ಕಾಲು ಕುರ್ಚಿಯಿಂದ ಮೇಲೆದ್ದವು. ನರ ತೆಗೆದ ಹಲ್ಲಿಗೆ ಹಾಗೆ ಆಗಬಾರದು. ಆಗ ಅರ್ಥವಾಯಿತು, ಯಾರೂ ಮುಟ್ಟದ ಇನ್ನೊಂದು ಕೆನಾಲ್ ಅಲ್ಲಿದೆ, ಅದರಲ್ಲಿ ನರ ಇನ್ನೂ ಜೀವಂತ ಇದೆ.

ಮೇಲಿನ ಮೊದಲ ಮೋಲಾರ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹಲ್ಲುಗಳಿಗೆ ಅದೇ ಬೇರಿನಲ್ಲಿ ಎಂಬಿ2 ಅನ್ನೋ ಈ ಎರಡನೇ ಕೆನಾಲ್ ಇರುತ್ತೆ. ಅದು ನನಗೆ ಗೊತ್ತಿಲ್ಲದ ವಿಷಯವೇ? ಓದಿದ್ದೇ ಅದನ್ನು. ಆದರೆ ಶಾರ್ಟ್ ಫಿಲ್ಲಿಂಗ್ ಕಣ್ಣಿಗೆ ಬಿದ್ದ ಮೇಲೆ ಬೇರೇನೂ ಹುಡುಕಲಿಲ್ಲ. ಮೊದಲಿನವರು ಬಿಟ್ಟ ಕೆನಾಲನ್ನೇ ನಾನೂ ಬಿಟ್ಟಿದ್ದೆ, ಅವರ ಮೇಲೆ ತಪ್ಪು ಹೊರಿಸಿದ ಮೇಲೂ.

ಇಂಜೆಕ್ಷನ್ ಕೊಟ್ಟೆ. ದೊಡ್ಡದಾಗಿ ತೋರಿಸುವ ಲೂಪ್ಸ್ ಹಾಕಿಕೊಂಡು, ಅಲ್ಟ್ರಾಸಾನಿಕ್ ಟಿಪ್‌ನಿಂದ ಆ ಕಡೆ ಚಾಚಿಕೊಂಡಿದ್ದ ಡೆಂಟಿನ್ (ಹಲ್ಲಿನ ಒಳಪದರ) ಶೆಲ್ಫನ್ನು ಸ್ವಲ್ಪ ಸ್ವಲ್ಪವೇ ಕೆರೆದೆ. ಬಿಳಿ ಪುಡಿ ಊದಿದ ಜಾಗದಲ್ಲಿ ಒಂದು ಕೆಂಪು ಚುಕ್ಕೆ ಕಂಡಿತು. ಸಾಸಿವೆಗಿಂತ ಸಣ್ಣದು. ನೋಡನೋಡುತ್ತಿದ್ದಂತೆ ಅಗಲವಾಯಿತು. ರಕ್ತ.

ಎದೆ ಧಸಕ್ ಅಂತು. ಇದು ಕೆನಾಲಾ, ಇಲ್ಲ ನಾನೇ ಬೇರುಗಳು ಕವಲೊಡೆಯುವ ಫರ್ಕೇಶನ್‌ಗೆ ತೂತು ಮಾಡಿಬಿಟ್ಟೆನಾ? ಎರಡರಲ್ಲೂ ಬರೋದು ಅದೇ ರಕ್ತ. ಸಿಸ್ಟರ್ “ಏನಾಯ್ತು ಮೇಡಂ” ಅಂದರು, ಉತ್ತರ ಕೊಡಲಿಲ್ಲ. ಪೇಪರ್ ಪಾಯಿಂಟ್‌ನಲ್ಲಿ ಒರೆಸಿ, 8ನೇ ನಂಬರ್ ಫೈಲಿಗೆ ಅಪೆಕ್ಸ್ ಲೊಕೇಟರ್ ಕ್ಲಿಪ್ ಸಿಕ್ಕಿಸಿ, ಚುಕ್ಕೆಯೊಳಗೆ ಇಟ್ಟೆ. ತೂತಾಗಿದ್ದರೆ ಒಂದೆರಡು ಮಿಲಿಮೀಟರ್‌ಗೇ ಕೂಗಬೇಕು. ಎರಡು ಮಿಲಿಮೀಟರ್ ಹೋಯಿತು, ಸದ್ದಿಲ್ಲ. ಐದು, ಸದ್ದಿಲ್ಲ. ಹತ್ತು ದಾಟಿದ ಮೇಲೆ ಉಸಿರು ಬಿಟ್ಟೆ. ಹದಿನೆಂಟರ ಹತ್ತಿರ ಲೊಕೇಟರ್ ಪರದೆಯ ಗೆರೆಗಳು ಒಂದೊಂದೇ ಏರಿ ಬೀಪ್ ಬಂತು. ಈ ಸಲ ಕೋನ ಬದಲಿಸಿಯೇ ಎಕ್ಸ್‌ರೇ ತೆಗೆದೆ. ಒಂದೇ ಬೇರಿನಲ್ಲಿ ಎರಡು ಫೈಲ್ ಅಕ್ಕಪಕ್ಕ, ಕೊನೆಯವರೆಗೂ ಬೇರೆ ಬೇರೆ.

ಇನ್ನೆರಡು ವಾರಕ್ಕೆ ಅಬ್ಚುರೇಶನ್, ಅಂದರೆ ಕೆನಾಲ್‌ಗಳನ್ನು ತುಂಬಿ ಮುಚ್ಚೋದು, ಆಯಿತು. ಅಷ್ಟರಲ್ಲಿ ತಣ್ಣೀರಿನ ನೋವು ಪೂರ್ತಿ ಹೋಗಿತ್ತು.

ಈಗ ರೀ-ಆರ್‌ಸಿಟಿಗೆ 90 ನಿಮಿಷ ಬರೆಯದಿದ್ದರೆ ಕುರ್ಚಿಗೆ ಕರೆಯಬೇಡಿ ಅಂತ ರಿಸೆಪ್ಶನ್‌ನಲ್ಲಿ ಹೇಳಿದ್ದೇನೆ. ಒಂದು ವಾರ ಬರೆಯುತ್ತಾರೆ, ಇನ್ನೊಂದು ವಾರ ಮತ್ತೆ 45. ಕೇಸ್ ಶೀಟಿನಲ್ಲಿ ಪೇಷಂಟ್ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ, ‘ಜುಂ ಅಂತದೆ’ ಅಂದರೆ ‘ಜುಂ ಅಂತದೆ’ ಅಂತಲೇ.

ಆ 15ರ ಫಿಲ್ಲಿಂಗ್‌ಗೆ 600 ರೂಪಾಯಿ ತಗೊಂಡಿದ್ದೆವು. ನನ್ನ ಪಾಲಿನಲ್ಲಿ ಹಿಡಿದುಕೊಂಡು ಅವರಿಗೆ ವಾಪಸ್ ಕೊಡಿ ಎಂದೆ. ಹೀಗೆಲ್ಲ ಕೊಡುತ್ತಾ ಹೋದರೆ ಕ್ಲಿನಿಕ್ ನಡೆಯಲ್ಲ ಅಂತ ಮಾಲೀಕರು ಗೊಣಗಿದರು, ಆದರೂ ಕೊಟ್ಟರು. ಆ ಅಮ್ಮ ನೋಟು ಹಿಡಿದುಕೊಂಡು “ಇದ್ಯಾಕವ್ವ?” ಅಂದರು.

“ಆ ಪಕ್ಕದ ಹಲ್ಲಿಗೆ ಏನೂ ಮಾಡಬೇಕಿರಲಿಲ್ಲಮ್ಮ. ನೀವು ಬೆರಳಿಟ್ಟು ತೋರಿಸಿದ್ದೇ ಸರಿ ಇತ್ತು” ಎಂದೆ.