ಪುಣೆಯಿಂದ ಗೋವಾಕ್ಕೆ ಕಾರಲ್ಲಿ ಹೊರಟಿದ್ದೀರಾ? ಮೊದಲು ಟೈರಿನ ಗಾಳಿ ನೋಡಿ

ಹೋದ ಮೇ ತಿಂಗಳಲ್ಲಿ ಪುಣೆಯಿಂದ ಗೋವಾಕ್ಕೆ ನಮ್ಮ ಕಾರಲ್ಲೇ ಹೋಗಿದ್ದೆವು. ಸಾತಾರಾ, ಕೊಲ್ಹಾಪುರ, ಬೆಳಗಾವಿ, ಚೋರ್ಲಾ ಘಾಟ್, ಆಮೇಲೆ ಪಣಜಿ. ಒಟ್ಟು ಸುಮಾರು 450 ಕಿಲೋಮೀಟರ್. ಐದು ಜನ, ಡಿಕ್ಕಿ ತುಂಬ ಸಾಮಾನು. ರಾತ್ರಿ ಬೆಳಗಾವಿಯಲ್ಲಿ ಅಕ್ಕನ ಮನೆಯಲ್ಲಿ ಉಳಿಯುವುದು ಅಂತ ಮೊದಲೇ ಮಾತಾಗಿತ್ತು.

ಹೊರಡುವ ದಿನ ಬೆಳಿಗ್ಗೆ ನಾಲ್ಕೂ ಟೈರಿಗೆ 33 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹಾಕಿಸಿದ್ದೆ. ಕೊಲ್ಹಾಪುರದ ಹತ್ತಿರ ಒಂದು ಬಂಕಿನಲ್ಲಿ ನಿಲ್ಲಿಸಿದಾಗ ಅಲ್ಲಿನ ಹುಡುಗ ಗೇಜು ಇಟ್ಟು ನೋಡಿದ. 38! ಈ ಬಿಸಿಲಿಗೆ ಟೈರ್ ಒಡೆಯುತ್ತದೆ, ಇಳಿಸಿಬಿಡಿ ಎಂದ. ಹಿಂದೆ ಮಕ್ಕಳು ಕೂತಿದ್ದರು, ನನಗೂ ಹೆದರಿಕೆಯಾಯಿತು. ಗಾಳಿ ಬಿಡಿಸಿ ಮತ್ತೆ 33ಕ್ಕೆ ತಂದೆ.

ಮಾರನೇ ದಿನ ಬೆಳಿಗ್ಗೆ ಬೆಳಗಾವಿಯಲ್ಲಿ ಭಾವ ತಮ್ಮ ಗೇಜು ತಂದು ಇಟ್ಟರು. ನಾಲ್ಕರಲ್ಲೂ 28!

ಆಗಿದ್ದು ಇಷ್ಟೇ. ಟೈರ್ ಓಡಿ ಬಿಸಿಯಾದಾಗ ಒಳಗಿನ ಗಾಳಿಯೂ ಕಾದು ನಾಲ್ಕೈದು ಪಿಎಸ್‌ಐ ಏರುವುದು ಸಹಜ. ಕಂಪನಿಯವರು ಕೊಡುವ ಅಂಕಿ ತಣ್ಣಗಿರುವ ಟೈರಿನದು, ಅಂದರೆ ಗಾಡಿ ಕನಿಷ್ಠ ಮೂರು ಗಂಟೆ ನಿಂತ ಮೇಲಿನದು. ಬಿಸಿ ಟೈರಿನಿಂದ ಗಾಳಿ ಬಿಟ್ಟರೆ ತಣ್ಣಗಾದ ಮೇಲೆ ಕಡಿಮೆಯೇ ಆಗುತ್ತದೆ, ಅಲ್ವಾ? ಹೆದ್ದಾರಿಯಲ್ಲಿ ನಿಜವಾಗಿ ಅಪಾಯ ತರುವುದು ಆ ಕಡಿಮೆ ಗಾಳಿಯೇ. ಚಕ್ರ ಸುತ್ತಿದಾಗಲೆಲ್ಲ ಟೈರಿನ ಪಕ್ಕದ ಭಾಗ ಬಾಗುತ್ತದೆ, ಅದರಿಂದಲೇ ಕಾಯುತ್ತದೆ, ಕೊನೆಗೆ ಒಡೆಯುತ್ತದೆ.

ಇನ್ನೊಂದು ತಪ್ಪು ನಾನು ಪುಣೆಯಲ್ಲೇ ಮಾಡಿದ್ದೆ. ಡ್ರೈವರ್ ಬಾಗಿಲು ತೆಗೆದರೆ ಅದರ ಚೌಕಟ್ಟಿನ ಕಂಬದ ಮೇಲೆ, ಟೈರಿಗೆ ಎಷ್ಟು ಗಾಳಿ ಬೇಕು ಅಂತ ಬರೆದ ಒಂದು ಸ್ಟಿಕ್ಕರ್ ಇರುತ್ತದೆ. ಕೆಲವು ಗಾಡಿಗಳಲ್ಲಿ ಇಂಧನ ಮುಚ್ಚಳದ ಒಳಗೆ. ನನ್ನ ಗಾಡಿಯಲ್ಲಿ 33 ಇರುವುದು ಇಬ್ಬರು ಮೂವರು ಕೂತಾಗ. ತುಂಬಿದ ಗಾಡಿಗೆ ಹಿಂದಿನ ಟೈರಿಗೆ 36 ಅಂತ ಪಕ್ಕದಲ್ಲೇ ಇತ್ತು. ಇಷ್ಟು ವರ್ಷ ಆ ಸಾಲು ನೋಡಿಯೇ ಇರಲಿಲ್ಲ. ನಿಮ್ಮ ಗಾಡಿಯ ಅಂಕಿ ಬೇರೆ ಇರಬಹುದು, ಅದನ್ನೇ ಹಾಕಿಸಿ. ಟೈರಿನ ಮೈಮೇಲೆ ಅಚ್ಚಾಗಿರುವ ದೊಡ್ಡ ಅಂಕಿ ನೋಡಿ ಹಾಕಿಸಬೇಡಿ, ಅದು ಟೈರ್ ತಡೆಯುವ ಗರಿಷ್ಠ ಮಿತಿ.

ಭಾವನ ಮನೆಯ ಹಿಂದಿನ ಬೀದಿಯಲ್ಲೇ ಗಾಳಿ ಅಂಗಡಿ ಇತ್ತು. ಅಲ್ಲೊಂದು ಲಾರಿಗೆ 110 ತುಂಬಿಸುತ್ತಿದ್ದರು. ಲಾರಿಯವರಿಗೆ ಹಿಂದಿನ ಜೋಡಿ ಟೈರುಗಳದ್ದೇ ಚಿಂತೆ. ಒಳಗಿನದರಲ್ಲಿ ಗಾಳಿ ಇಳಿದರೆ ಕಣ್ಣಿಗೆ ಬೀಳುವುದಿಲ್ಲ, ಭಾರವೆಲ್ಲ ಹೊರಗಿನದರ ಮೇಲೆ. ರಾಡಿನಿಂದ ಬಡಿದು ಶಬ್ದ ಕೇಳಿದರೆ ಸಾಲದು, ಗೇಜು ಇಡಲೇಬೇಕು. ನಮ್ಮ ಸ್ಟೆಪ್ನಿಯನ್ನೂ ಅಲ್ಲೇ ನೋಡಿಸಿದೆ. 15 ಇತ್ತು!

ನೀವೂ ಬೆಳಗಾವಿಯಲ್ಲಿ ಉಳಿಯುವುದಾದರೆ ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆಯೇ ಗಾಳಿ ಅಳೆಯಿರಿ. ಒಂದು ಗೇಜು ನಿಮ್ಮದೇ ಇರಲಿ. ಜಾಂಬೋಟಿ ದಾಟಿದರೆ ಕಣಕುಂಬಿ, ಚೋರ್ಲಾ ಕಡೆ ಕಾಡೇ ಜಾಸ್ತಿ. ತಿರುವುಗಳಲ್ಲಿ ತುಂಬಿದ ಗಾಡಿ ಒಂದು ಕಡೆ ವಾಲುತ್ತದೆ. ಅವತ್ತು ಮುಂದೆ 33, ಹಿಂದೆ 36 ಹಾಕಿಸಿಕೊಂಡು ಘಾಟ್ ಇಳಿದೆವು. ಹಿಂದಿನ ದಿನ ಭಾರ ಅನ್ನಿಸಿದ್ದ ಸ್ಟೀರಿಂಗ್ ಘಾಟಿನ ಕೆಳಗಿನ ಕೇರಿ ಎಂಬ ಊರಿನವರೆಗೂ ಹಗುರವಾಗಿಯೇ ತಿರುಗಿತು.