ತಿಕ್ಕಬಾರದಿತ್ತು: ಮುತ್ಯಾನ ಗ್ರಾಮೋಫೋನ್ ಕಥಿ

ಮೂರು ದಿನ ಆಯ್ತು, ಉಗುರಿನ ಸಂದಿನಾಗಿನ ಹಸಿರು ಕಿಲುಬು ಇನ್ನೂ ಹೋಗಿಲ್ಲ, ಟೈಪ್ ಮಾಡೂದರಾಗ ಏನರ ತಪ್ಪಿದ್ರ ಹೊಟ್ಯಾಗ ಹಾಕೊಳ್ರಿ.

ನಮ್ಮ ಮುತ್ಯಾನ ಗ್ರಾಮೋಫೋನ್ ಬೀದರ ನಿಜಾಮರ ಕಡಿ ಇದ್ದಾಗ ಹೈದರಾಬಾದದಿಂದ ತಂದದ್ದಂತ, ಅಟ್ಟದ ಮ್ಯಾಲ ಹಳೇ ಕೌದಿ ಸುತ್ತಿ ಇಟ್ಟಿದ್ರು. ಗ್ರಾಮೋಫೋನ್ ಅಂದ ಕೂಡ್ಲೇ ಮಂದಿಗಿ ದೊಡ್ಡ ಹಿತ್ತಾಳಿ ಹೂವಿನಂಥ ಭೋಂಗಾನೇ ನೆನಪಾಗ್ತದ, ಆದ್ರ ಆನ್‌ಲೈನ್‌ದಾಗ ಲಕಲಕ ಹೊಳೆಯೋ ಅಂಥವು ಬಹಳಷ್ಟು ಈಗ ಹೊಸದಾಗಿ ಮಾಡಿ ಎಚ್‌ಎಂವಿ ಕಂಪನಿಯ ಗುರುತಿನ ನಾಯಿ ಚಿತ್ರ ಅಂಟಿಸಿದ್ದು, ಮೋಸ ಹೋಗಬ್ಯಾಡ್ರಿ. ನಮ್ಮದು ಸೂಟ್‌ಕೇಸ್ ಥರದ್ದು, ಎಚ್‌ಎಂವಿ 101, ಭೋಂಗಾ ಒಳಗೇ ಅದ. 1925ರಾಗ ಬಂದ ಮಾಡೆಲ್ ಅದು, 1931ರಾಗ ಅದರ ಜಾಗಕ್ಕ 102 ಬಂತು.

ಬಿಚ್ಚಿದ ಸ್ಕ್ರೂ ಎಲ್ಲಾ ತತ್ತಿ ಟ್ರೇದಾಗ ಒಂದೊಂದು ಗುಳಿಗಿ ಒಂದೊಂದು ಹಾಕಿ ಪಕ್ಕಕ್ಕ ಚೀಟಿ ಬರದಿಟ್ಟೆ, ಇದೊಂದು ಕೆಲಸ ನಾ ಶ್ಯಾಣ್ಯಾ ಆಗಿ ಮಾಡಿದ್ದು, ಬಾಕಿದ್ದಕ್ಕ ಬೈಸ್ಕೊಳ್ಳಾಕ ತಯಾರಿದ್ದೀನಿ.

ಯಾಕಂದ್ರ ಮೊದಲ ಟೋನ್‌ಆರ್ಮ್ ಕೈಗಿ ತೊಗೊಂಡೆ. ಸೌಂಡ್‌ಬಾಕ್ಸ್ (ಸೂಜಿ ಕೂಡ್ಸೋ, ಸಪ್ಪಳ ಹುಟ್ಟೋ ದುಂಡನ ಡಬ್ಬಿ) ಹಿಡಕೊಂಡು ರೆಕಾರ್ಡ್ ಮ್ಯಾಲ ಹೋಗ್ತದಲ್ಲ, ಆ ಬಾಗಿದ ಕೊಳವಿ. ಕಪ್ಪಗಾಗಿ ಅಲ್ಲಲ್ಲಿ ಹಸಿರು ಚುಕ್ಕಿ ಬಿದ್ದಿದ್ವು. ಹಿತ್ತಾಳಿ ಪಾತ್ರಿ ತಿಕ್ಕೋ ಪಾಲಿಶ್ ಹಚ್ಚಿ ಹಳೇ ಬನಿಯನ್ನಿನಿಂದ ಎರಡು ತಾಸು ತಿಕ್ಕಿದೆ, ಭಾರಿ ಹೊಳೀಲಾಕತ್ತು, ಖುಷಿಯಾಗಿ ಇನ್ನಾ ತಿಕ್ಕಿದೆ, ಅಷ್ಟರಾಗ ಬಾಗಿದ ಜಾಗದಾಗ ಒಂದು ಹಳದಿ ಚುಕ್ಕಿ ಕಂಡ್ತು. ಹೊಲಸು ಅಂದ್ಕೊಂಡು ಮತ್ತ ತಿಕ್ಕಿದೆ, ಚುಕ್ಕಿ ಹೋಗಿ ರೂಪಾಯಿ ಬಿಲ್ಲಿಯಷ್ಟಾಯ್ತು. ಅವಾಗ ಎದಿ ಧಸಕ್ ಅಂತು. ಒಳಗ ಹಿತ್ತಾಳಿ, ಮ್ಯಾಲ ನಿಕಲ್ ಲೇಪ ಬರೀ ತೆಳ್ಳಂದು, ಆ ಲೇಪಾನೇ ನಾ ಬನಿಯನ್ನಿಗಿ ಒರಸಿ ತಗದಿದ್ದೆ. ನಿಕಲ್ ಅಂದ್ರ ಸ್ವಲ್ಪ ಬೆಚ್ಚಗಿನ ಹಳದಿ ಛಾಯಾ ಇರೋ ಬಿಳುಪು, ಕ್ರೋಮ್ ಅಂದ್ರ ನೀಲಿ ಛಾಯಾ, ನಾ ಅದನ್ನ ಕ್ರೋಮಿನಂಗ ಮಾಡಾಕ ಹೋಗಿದ್ದೇ ತಪ್ಪು. ಸಾಬೂನಿನ ನೀರಿನಾಗ ಹಿಂಡಿದ ಬಟ್ಟಿ, ಆಮ್ಯಾಲ ಒಣ ಬಟ್ಟಿ, ಹಸಿರು ಚುಕ್ಕಿಗಿ ಒಂದು ಹನಿ ಹೊಲಿಗಿ ಮಷೀನ್ ಎಣ್ಣಿ ಹಾಕಿ ರಾತ್ರಿ ಬಿಟ್ಟು ಬೆಳಿಗ್ಗಿ ಕಟ್ಟಿಗಿ ಕಡ್ಡಿಯಿಂದ ಎಬ್ಬಿಸೂದು, ಸಾಕಿತ್ತು.

ಸೌಂಡ್‌ಬಾಕ್ಸಿಗಿ ಬಂದಾಗ ಸ್ವಲ್ಪ ಬುದ್ಧಿ ಬಂದಿತ್ತು. ಅದರ ಹಿಂದಿನ ಭಾಗ ಸೀಸಾನೂ ಅಲ್ಲ ಹಿತ್ತಾಳೀನೂ ಅಲ್ಲ, ಬೂದಿ ಬಣ್ಣದ್ದು, ಅಂಚಿನಾಗ ಕೂದಲಿನಂಥ ಬಿರುಕು. ಆಯಿ ಹುಣಸಿಹಣ್ಣು ಹಚ್ಚು ಅಂದ್ಳು, ದೇವರ ಸಾಮಾನಿಗಿ ಆಕಿ ಹಚ್ಚೂದೇ ಅದು. ನಾ ಮಾತ್ರ ಚೌಬಾರಾ ದಾಟಿ ಸಿದ್ದೀಖ್ ತಾಲೀಮ್ ಓಣ್ಯಾಗ ಬಿದರಿ ಕೆಲಸ (ಕಪ್ಪ ಲೋಹದ ಮ್ಯಾಲ ಬೆಳ್ಳಿ ಕೂಡ್ಸೋ ಕುಸುರಿ) ಮಾಡೋ ನಮ್ಮ ಪರಿಚಯದ ಚಾಚಾ ಕಡಿ ಹೋದೆ. ಅವರು ಅದನ್ನ ಅಂಗೈಯಾಗ ಇಟ್ಟು ತೂಗಿ ನೋಡಿ, ಉಗುರಿನಿಂದ ಟಕ್ ಅನಿಸಿ, "ಬೇಟಾ, ಇದು ಜಸ್ತ ಅದ, ಹುಳಿ ಹಚ್ಚಿದ್ರ ಇದನ್ನ ಉಣ್ತದ" ಅಂದ್ರು.

ಖರೇನೇ, ಅದು ಸತುವಿನ ಎರಕ. ಚಾಚಾನ ಕೈಯಾಗ ಜನ್ಮಪೂರ್ತಿ ಇರೋ ಸಾಮಾನೂ ಅದೇ, ಬಿದರಿ ಎರಕ ಅಂದ್ರ 16 ಪಾಲು ಸತುವಿಗಿ ಸುಮಾರು 1 ಪಾಲು ತಾಮ್ರ. ಆದ್ರ ಬಿದರಿ ಹೂಜಿ ನೂರಾರು ವರ್ಷ ನಿಂತದ, ಇದು ಯಾಕ ಒಡೀತದ? ಹಳೇ ಕಾಲದ ಸಾಂಚಾ ಎರಕದಾಗ ಸೀಸಾ ಒಂಚೂರು ಬೆರತಿದ್ರೂ ಸಾಕು, ತ್ಯಾವ ತಾಗಿದಂಗೆಲ್ಲಾ ಒಳಗಿನ ಹರಳು ಹರಳಿನ ಸಂದಿನಾಗ ತುಕ್ಕು ಹೊಕ್ಕು, ಉಬ್ಬಿ, ಸೀಳ್ತದ. ಹೊರಗಿಂದ ತಿಕ್ಕಿದ್ರ ಏನೂ ಆಗಂಗಿಲ್ಲ, ರೋಗ ಒಳಗದ. ಚಾಚಾ ಸ್ಕ್ರೂ ಬಿಗಿ ಮಾಡಬ್ಯಾಡ ಅಂತ ಹೇಳಿ, ತಮ್ಮ ಬಿದರಿ ತಟ್ಟಿಗಿ ಹಚ್ಚೋ ಕೊಬ್ಬರಿ ಎಣ್ಣಿ ಒಂದು ಹನಿ ಬಟ್ಟಿಗಿ ಹಚ್ಚಿ ಸವರಿ ಕೊಟ್ರು, ರೊಕ್ಕ ತೊಗೊಳಿಲ್ಲ. (ಕೋಟ್ಯಾಗಿನ ಮಣ್ಣು, ನವಸಾಗರ ಹಾಕಿ ಕುದಿಸಿ ಅವರು ಸತುವನ್ನ ಕಪ್ಪ ಮಾಡ್ತಾರ, ಅದೇ ನೀರಿನಾಗ ಬೆಳ್ಳಿ ಬೆಳ್ಳಗೇ ಉಳೀತದ. ಅವತ್ತು ಮಣ್ಣು ನಾಲಿಗಿ ಮ್ಯಾಲ ಇಟ್ಟು ನೋಡೂದನ್ನ ತೋರಿಸಿದ್ರು, ನಾನೂ ರುಚಿ ನೋಡಿದೆ, ಬ್ಯಾಡ.)

ಸೌಂಡ್‌ಬಾಕ್ಸಿನ ಒಳಗಿನ ರಬ್ಬರ್ ರಿಂಗ್ ಕಟ್ಟಿಗಿಯಂಗ ಗಟ್ಟಿಯಾಗಿತ್ತು, ಅದರ ಜಾಗಕ್ಕ ತೆಳ್ಳನ ಸಿಲಿಕಾನ್ ಪೈಪ್ ಕತ್ತರಿಸಿ ಹಾಕಿದೆ. ಸೂಜಿ ಜೋಡಿ ನಡುಗಿ ಸಪ್ಪಳ ಹೊರಡಿಸೋ ಅಭ್ರಕದ ಪರದೆಗಿ ಏನೂ ಆಗಿರಲಿಲ್ಲ, ದೇವರು ದೊಡ್ಡವ.

ಮೋಟರದ್ದು ಸುದ್ದಿ ಸಣ್ಣದು. ಗೇರು ಚಿಮಣಿ ಎಣ್ಣ್ಯಾಗ ತೊಳದೆ, ದೊಡ್ಡ ಸ್ಪ್ರಿಂಗಿನ ಡಬ್ಬಿ ಮುಟ್ಟಲಿಲ್ಲ, ಒಳಗ ಬಲ ತುಂಬಿರ್ತದ, ತೆಗದ್ರ ಮುಖಕ್ಕ ಬರ್ತದ, ಗೊತ್ತಿಲ್ಲದವರು ಮುಟ್ಟಬ್ಯಾಡ್ರಿ. ವೇಗ ಹಿಡಿಯೋ ಗವರ್ನರಿನ ಮೂರು ಗುಂಡು ನೆಟ್ಟಗ ಇದ್ವು, ಚರ್ಮದ ಪ್ಯಾಡಿಗಿ ಮಾತ್ರ ಎಣ್ಣಿ ಬಿಟ್ಟೆ. ತಟ್ಟೆ ಅಂಚಿಗಿ ಒಂದು ಕಾಗದದ ಚೂರು ಸಿಗಿಸಿ ಎಣಿಸಿದೆ, 10 ಸೆಕೆಂಡಿಗಿ 13 ಸುತ್ತು ಬಂದ್ರ ನಿಮಿಷಕ್ಕ 78 ಸುತ್ತಿನ ಲೆಕ್ಕ, ಹಳೇ ರೆಕಾರ್ಡಿನ ವೇಗ ಅದೇ. ಮೊದಲ 11 ಬಂತು, ಸ್ಕ್ರೂ ತಿರುವಿ ತಿರುವಿ 13ಕ್ಕ ನಿಲ್ಲಿಸಿದೆ.

ರೆಕಾರ್ಡ್ ಒರಸಾಕ ಸ್ಪಿರಿಟ್ ಹಾಕಬ್ಯಾಡ್ರಿ, ಹಳೇ ರೆಕಾರ್ಡು ಅರಗಿನವು, ಕರಗ್ತಾವ. ಉಕ್ಕಿನ ಸೂಜಿ ಒಂದು ಮಗ್ಗಲಿಗಿ ಒಂದು, ಆಮ್ಯಾಲ ಒಗೀಬೇಕು, ಮುತ್ಯಾನ ತಗಡಿನ ಡಬ್ಬ್ಯಾಗ ಮಾತ್ರ ಬಳಸಿದ ಸೂಜಿ ಎಲ್ಲಾ ಜೋಪಾನವಾಗಿ ಅವ, ಮನಷ್ಯಾ ಏನೂ ಒಗೀತಿರಲಿಲ್ಲ.

ನಿಕಲ್ ಮತ್ತ ಹಾಕಿಸ್ಬೇಕಂದ್ರ ಲೇಪದ ಅಂಗಡ್ಯಾಂವ ಮೊದಲ ಚಕ್ರಕ್ಕ ಹಿಡದು ಬಫ್ ಮಾಡ್ತೀನಂದ, ಹಂಗ ಮಾಡಿದ್ರ ಅಂಚೆಲ್ಲಾ ದುಂಡಗಾಗ್ತಾವ, ಬ್ಯಾಡ ಅಂದು ವಾಪಸ್ ತಂದೆ. ಹಳದಿ ಜಾಗ ಹಂಗೇ ಅದ.

ನಿನ್ನೆ ಸಂಜಿಗಿ ಅಬ್ದುಲ್ ಕರೀಮ್ ಖಾನ್ ಸಾಹೇಬರ ರೆಕಾರ್ಡ್ ಹಚ್ಚಿದೆ. ಕರಕರ ಸಪ್ಪಳದ ಹಿಂದಿಂದ ಧ್ವನಿ ಎದ್ದಾಗ ಆಯಿ ಜೋಳ ಹಸನು ಮಾಡೂದು ಬಿಟ್ಟು ಬಂದು ಕುಂತ್ಳು, ರೆಕಾರ್ಡ್ ಮುಗಿಯೋತನಾ ಮಾತಾಡಲಿಲ್ಲ. ಆಮ್ಯಾಲ ಟೋನ್‌ಆರ್ಮಿನ ಹಳದಿ ಜಾಗದ ಮ್ಯಾಲ ಬೆರಳಿಟ್ಟು, "ನಿಮ್ಮ ಮುತ್ಯಾ ಇಲ್ಲೇ ಹಿಡದು ಎತ್ತತಿದ್ರು ನೋಡು, ಅಷ್ಟು ವರ್ಷ ಹಿಡದ್ರೂ ಹೋಗಿರಲಿಲ್ಲ, ನೀ ಎರಡು ತಾಸಿನಾಗ ತಗದಿ" ಅಂದ್ಳು.