‘ಗೊತ್ತಾಗ್ತದೇನ್ರಿ?’ ಅಂತ ಕೇಳಬಾರದಿತ್ತು

ಹೋದ ವಾರ ಕಲಬುರಗಿಯಿಂದ ಒಬ್ಬ ಹುಡುಗಿ ಫೋನ್ ಮಾಡಿದ್ದಳು. ಫಿಸಿಯೋಥೆರಪಿ ಮುಗಿಸಿದ್ದಾಳೆ, ಪೊಡಿಯಾಟ್ರಿ, ಅಂದರೆ ಪಾದದ ಆರೈಕೆಯ ವಿದ್ಯೆ, ಕಲಿಯಬೇಕಂತೆ. “ಯಾವ ಕೋರ್ಸ್ ಮಾಡ್ಲಿ ಅಕ್ಕಾ?” ಅಂದಳು. ಆಗ ಕೆಲಸದ ಗಡಿಬಿಡಿಯಲ್ಲಿ ಅರ್ಧಮರ್ಧ ಹೇಳಿ ಫೋನ್ ಇಟ್ಟೆ. ಈಗ ಪೂರ್ತಿ ಬರೆಯುತ್ತಿದ್ದೇನೆ. ಆದರೆ ಕೋರ್ಸಿನ ಮಾತಿಗೆ ಮೊದಲು ಪುಣೆಯಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳಬೇಕು. ಈ ಕೆಲಸ ಏನು ಅನ್ನುವುದು ನನಗೆ ತಿಳಿದದ್ದು ಅದರಿಂದಲೇ.

ನಾನು ಓದಿದ್ದು ಬಿಪಿಟಿ, ಅಂದರೆ ಫಿಸಿಯೋಥೆರಪಿ ಪದವಿ, ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆ ವರ್ಷ. ಅಲ್ಲಿ ಪಾದ ಅಂದರೆ ಹಿಮ್ಮಡಿ ನೋವು, ಉಳುಕು, ಚಪ್ಪಟೆ ಪಾದ ಇಷ್ಟೇ. ಪುಣೆಗೆ ಬಂದು ಸಕ್ಕರೆ ಕಾಯಿಲೆಯವರ ಪಾದ ನೋಡುವ ಒಂದು ಕ್ಲಿನಿಕ್ ಸೇರಿದಾಗ ಮೊದಲ ಮೂರು ತಿಂಗಳು ನನಗೆ ಕೊಟ್ಟ ಕೆಲಸ ಪಾದ ತೊಳೆಯುವುದು, ಬೆರಳ ಸಂದಿ ಒರೆಸುವುದು, ಉಗುರು ಕತ್ತರಿಸುವುದು. ಉಗುರನ್ನು ನೇರಕ್ಕೆ ಕತ್ತರಿಸಬೇಕು, ಮೂಲೆಯನ್ನು ಒಳಗೆ ಕೆತ್ತಬಾರದು. ಕೆತ್ತಿದರೆ ಉಗುರು ಮಾಂಸದೊಳಕ್ಕೆ ಬೆಳೆಯುತ್ತದೆ. ಜಡ್ಡು ತೆಗೆಯುವ ಬ್ಲೇಡನ್ನು ಮೊದಲು ಹಿಡಿದದ್ದು ಮೈಸೋಪಿನ ಮೇಲೆ. ಬ್ಲೇಡು ಚರ್ಮಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ ಮಲಗಬೇಕು, ಎಡಗೈ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದಿರಬೇಕು, ಪದರ ಪದರವಾಗಿ ಬರಬೇಕು. ಸೋಪು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಬರುವವರೆಗೆ ನನ್ನ ಸೀನಿಯರ್ ಮೇಡಂ ಯಾರ ಪಾದವನ್ನೂ ನನ್ನ ಕೈಗೆ ಕೊಡಲಿಲ್ಲ. ಆಗ ಬೇಜಾರಾಗಿತ್ತು. ಈಗ ನಾನೂ ಹಾಗೇ ಮಾಡುತ್ತೇನೆ.

ಪುಣೆಯಲ್ಲಿ ನಮ್ಮ ಕಡೆಯ ಜನ ಬಹಳ. ವಿಜಯಪುರ, ಕಲಬುರಗಿ, ಯಾದಗಿರಿಯಿಂದ ಬಂದವರು ಕಟ್ಟಡ ಕೆಲಸ, ವಾಚ್‌ಮನ್ ಕೆಲಸ ಮಾಡಿಕೊಂಡಿದ್ದಾರೆ. ಪಾದದಲ್ಲಿ ಏಳುವ ಗಟ್ಟಿ ಗಂಟಿಗೆ ಮರಾಠಿಯವರು ‘ಕುರುಪ’ ಅಂದರೆ ಇವರು ‘ಆಣಿ’ ಅನ್ನುತ್ತಾರೆ. ಮನೆಯಲ್ಲಿ ದಾಡಿ ಬ್ಲೇಡಿನಿಂದ ಆಣಿ ಕೊಯ್ದುಕೊಂಡು, ಅದು ಕೀವಾದ ಮೇಲೆ ಬರುವವರೇ ಹೆಚ್ಚು. ಕನ್ನಡ ಮಾತಾಡುವವಳು ಒಬ್ಬಳಿದ್ದಾಳೆ ಅಂತ ಇವರನ್ನೆಲ್ಲ ನನ್ನ ಹತ್ತಿರವೇ ಕಳಿಸುತ್ತಿದ್ದರು.

ಇಂಡಿ ಕಡೆಯ ಕಾಕಾ ಒಬ್ಬರು ಹೀಗೇ ಬಂದರು. ಹಡಪ್‌ಸರದ ಒಂದು ಸೊಸೈಟಿಯಲ್ಲಿ ವಾಚ್‌ಮನ್, ಹನ್ನೆರಡು ತಾಸಿನ ಡ್ಯೂಟಿ, ಸಕ್ಕರೆ ಕಾಯಿಲೆ ಶುರುವಾಗಿ ಹದಿನಾಲ್ಕು ವರ್ಷ. ಬಲಗಾಲಿನ ಹೆಬ್ಬೆರಳಿನ ಬುಡದಲ್ಲಿ ರೂಪಾಯಿ ನಾಣ್ಯದಷ್ಟು ಜಡ್ಡು. ಅದನ್ನು ಕೆರೆದು ತೆಗೆದೆ. ಆಮೇಲೆ ಮೊನೊಫಿಲಮೆಂಟ್ ಪರೀಕ್ಷೆ. ಪೆನ್ನಿನಂಥ ಹಿಡಿಕೆಯ ತುದಿಗೆ ಒಂದು ನೈಲಾನ್ ಎಳೆ ಇರುತ್ತದೆ. ಪಾದಕ್ಕೆ ಒತ್ತಿದರೆ 10 ಗ್ರಾಂ ಒತ್ತಡಕ್ಕೆ ಅದು ಬಿಲ್ಲಿನ ಹಾಗೆ ಬಾಗುತ್ತದೆ. ಅಷ್ಟು ಒತ್ತಿದ್ದೂ ಗೊತ್ತಾಗದಿದ್ದರೆ, ಮುಳ್ಳು, ಕಲ್ಲು, ಬೊಬ್ಬೆಯಿಂದ ಕಾಲನ್ನು ಕಾಪಾಡುವ ಸ್ಪರ್ಶಜ್ಞಾನ ಹೋಗಿದೆ ಅಂತ ಲೆಕ್ಕ.

ನಾನು ಒತ್ತುತ್ತಾ ಹೋದೆ. ಒತ್ತಿದಾಗಲೆಲ್ಲ “ಗೊತ್ತಾಗ್ತದೇನ್ರಿ ಕಾಕಾ?” ಅಂತ ಕೇಳಿದೆ. “ಹೂನವ್ವಾ” ಅಂದರು. ಹೆಬ್ಬೆರಳಿಗೆ ಹೂನವ್ವಾ, ಬುಡಕ್ಕೆ ಹೂನವ್ವಾ, ಕಿರುಬೆರಳಿನ ಬುಡಕ್ಕೂ ಹೂನವ್ವಾ. ಕಾರ್ಡಿನಲ್ಲಿ ‘ನಾರ್ಮಲ್’ ಅಂತ ಬರೆದೆ. ಎದ್ದು ಹೋಗುವಾಗ ಕೇಳಿದರು, “ಆಷಾಢಕ್ಕ ವಾರಿಗಿ ಹೋಗ್ಲೇನವ್ವಾ? ಎರಡು ವರ್ಷ ತಪ್ಪೈತಿ.” “ಹೋಗ್ಬರ್ರಿ ಕಾಕಾ, ಚಪ್ಪಲಿ ಮಾತ್ರ ಬಿಡಬ್ಯಾಡ್ರಿ” ಅಂದೆ.

ವಾರಿ ಅಂದರೆ ಪಂಢರಪುರದ ವಿಠ್ಠಲನ ದರ್ಶನಕ್ಕೆ ಕಾಲ್ನಡಿಗೆಯ ಯಾತ್ರೆ. ಆಳಂದಿಯಿಂದ ಪಂಢರಪುರಕ್ಕೆ ಸುಮಾರು 250 ಕಿಲೋಮೀಟರ್. ಸಂತ ಜ್ಞಾನೇಶ್ವರರ ಪಾಲಖಿ (ಪಲ್ಲಕ್ಕಿ) ಪುಣೆಯಲ್ಲಿ ತಂಗಿ, ಹಡಪ್‌ಸರದ ಮೇಲೆ ಹಾದು ದಿವೆ ಘಾಟ್ ಏರುತ್ತದೆ. ಕಾಕಾ ಹಡಪ್‌ಸರದಲ್ಲೇ ದಿಂಡಿ, ಅಂದರೆ ಭಜನೆ ಮಾಡುತ್ತ ನಡೆಯುವ ಗುಂಪು, ಸೇರಿಕೊಂಡರು. ಲೋಣಂದ್ ದಾಟಿದ ಮೇಲೆ, ಹಿಂದೆ ನಡೆಯುತ್ತಿದ್ದ ಹೆಣ್ಣುಮಗಳೊಬ್ಬಳು ರಸ್ತೆಯ ಮೇಲೆ ರಕ್ತದ ಗುರುತು ನೋಡಿ ಕೂಗಿದಳಂತೆ. ಯಾರದೋ ಇರಬೇಕು ಅಂತ ಕಾಕಾ ಕೂಡ ತಿರುಗಿ ನೋಡಿದರಂತೆ. ಗುರುತು ಅವರ ಚಪ್ಪಲಿಯದೇ ಆಗಿತ್ತು.

ಅವರನ್ನು ಮಗ ಕ್ಲಿನಿಕ್ಕಿಗೆ ಕರೆತಂದಾಗ ನಾನು ಜಡ್ಡು ತೆಗೆದಿದ್ದ ಅದೇ ಜಾಗದಲ್ಲಿ ಹುಣ್ಣು, ಒಳಗೆ ಕೀವು, ಪಾದ ಬೆಚ್ಚಗೆ ಊದಿತ್ತು. ಮೇಡಂ ನನ್ನ ಕಾರ್ಡು ನೋಡಿದರು. ಬೈಯಲಿಲ್ಲ. “ಎಡಗಾಲಿಗೆ ನನ್ನೆದುರು ಪರೀಕ್ಷೆ ಮಾಡು” ಅಂದರು. ಶುರು ಮಾಡುವ ಮೊದಲೇ ನನ್ನ ಕೈ ಹಿಡಿದು ನಿಲ್ಲಿಸಿ, ಕಾಕಾಗೆ ಕಣ್ಣು ಮುಚ್ಚಲು ಹೇಳಿಸಿದರು. ಎಳೆಯನ್ನು ಪಾದದಿಂದ ಒಂದು ಗೇಣು ದೂರ ಹಿಡಿದುಕೊಂಡು, ‘ಈಗ ಕೇಳು’ ಅಂತ ಸನ್ನೆ ಮಾಡಿದರು.

“ಗೊತ್ತಾಗ್ತದೇನ್ರಿ ಕಾಕಾ?”

“ಹೂನವ್ವಾ.”

ನನಗೆ ಕೈಕಾಲು ತಣ್ಣಗಾದವು. ಕಾಕಾ ಸುಳ್ಳು ಹೇಳಿರಲಿಲ್ಲ. ಮಗಳ ವಯಸ್ಸಿನವಳು ಪಾದ ಹಿಡಿದು ಇಷ್ಟು ಅಕ್ಕರೆಯಿಂದ ಕೇಳುತ್ತಿದ್ದಾಳೆ, ಇಲ್ಲ ಅಂತ ಹೇಗೆ ಅನ್ನುವುದು? ಮೊದಲ ಸಲವಂತೂ ಕಣ್ಣು ಬಿಟ್ಟುಕೊಂಡು ನನ್ನ ಕೈಯನ್ನೇ ನೋಡುತ್ತಿದ್ದರು. ಉತ್ತರವನ್ನು ನಾನೇ ಅವರ ಬಾಯಿಗೆ ಇಟ್ಟಿದ್ದೆ.

ಆಮೇಲೆ ಮೇಡಂ ಸರಿಯಾದ ಕ್ರಮ ತೋರಿಸಿದರು. ಎಳೆಯನ್ನು ಮೊದಲು ರೋಗಿಯ ಕೈಗೆ ಮುಟ್ಟಿಸಿ, ಅನುಭವ ಹೇಗಿರುತ್ತದೆ ಅಂತ ತಿಳಿಸಬೇಕು. ಕಣ್ಣು ಮುಚ್ಚಿಸಬೇಕು. ಜಡ್ಡು, ಗಾಯದ ಮೇಲೆ ಒತ್ತಬಾರದು. ಒಂದೊಂದು ಜಾಗಕ್ಕೂ ಮೂರು ಸಲ ಕೇಳಬೇಕು, ಅದರಲ್ಲಿ ಒಂದು ಸಲವಾದರೂ ಮುಟ್ಟದೆಯೇ ಕೇಳಬೇಕು. ಗೊತ್ತಾಯಿತು ಅಂದರೆ ಎಲ್ಲಿ ಅಂತ ಕೇಳಬೇಕು. ಮೂರರಲ್ಲಿ ಎರಡು ಸರಿಯಾದರೆ ಮಾತ್ರ ಪಾಸು. ಆ ದಿನ ಕಾಕಾಗೆ, “ಮುಟ್ಟಿದ್ದು ಗೊತ್ತಾದಾಗ ನೀವೇ ಹೇಳ್ರಿ” ಅಂದು ನಾನು ಬಾಯಿ ಮುಚ್ಚಿಕೊಂಡೆ. ಮೂರೂ ಕಡೆ ಒತ್ತಿ ಮುಗಿಸಿದೆ. ಸ್ವಲ್ಪ ಹೊತ್ತು ಕಾದು ಕಾಕಾ ಕೇಳಿದರು, “ಇನ್ನಾ ಚಾಲೂ ಮಾಡಿಲ್ಲೇನವ್ವಾ?”

ಸರ್ಜನ್ ಕೀವು ತೆಗೆದರು. ಪುಣ್ಯಕ್ಕೆ ಎಲುಬಿಗೆ ತಾಗಿರಲಿಲ್ಲ, ರಕ್ತ ಸಂಚಾರವೂ ಚೆನ್ನಾಗಿತ್ತು. ಸೋಂಕು ಇಳಿದ ಮೇಲೆ ಪಾದದಿಂದ ಮೊಣಕಾಲಿನ ಕೆಳಗಿನವರೆಗೆ ಟೋಟಲ್ ಕಾಂಟ್ಯಾಕ್ಟ್ ಕಾಸ್ಟ್ ಅನ್ನುವ ಗಟ್ಟಿ ಪಟ್ಟು ಹಾಕಿದೆವು. ಕಾಲಿನ ಆಕಾರಕ್ಕೆ ಪೂರ್ತಿ ಅಂಟಿ ಕೂರುವ ಈ ಪಟ್ಟು ಭಾರವನ್ನು ಇಡೀ ಪಾದಕ್ಕೆ, ಕಾಲಿಗೆ ಹಂಚಿ, ಹುಣ್ಣಿಗೆ ವಿಶ್ರಾಂತಿ ಕೊಡುತ್ತದೆ. ವೆಲ್ಲೂರಿನ ಸಿಎಂಸಿ ಆಸ್ಪತ್ರೆಗೆ 1946ರಲ್ಲಿ ಬಂದ ಡಾಕ್ಟರ್ ಪಾಲ್ ಬ್ರ್ಯಾಂಡ್ ಅವರು ಕುಷ್ಠ ರೋಗಿಗಳ ಪಾದಕ್ಕೆ ಇದನ್ನು ಬಳಸಿದವರು. ನೋವೇ ಗೊತ್ತಾಗದ ಕಾಲು ಅದೇ ಜಾಗದ ಮೇಲೆ ಮತ್ತೆ ಮತ್ತೆ ಭಾರ ಹಾಕಿ ಹುಣ್ಣಾಗುತ್ತದೆ ಅಂತ ಅವರು ತೋರಿಸಿಕೊಟ್ಟರು. ಕಾಕಾಗೆ ಹುಣ್ಣು ಮಾಯಲು ಹತ್ತು ವಾರ ಬೇಕಾಯಿತು. ಅಷ್ಟೂ ದಿನ ಪಗಾರ ಇಲ್ಲ. ಅದರ ಭಾರ ನನ್ನ ಮೇಲೆ ಇನ್ನೂ ಇದೆ.

ಈಗ ಕೋರ್ಸಿನ ಮಾತು. ಇಂಗ್ಲೆಂಡಿನಲ್ಲಿ ಪೊಡಿಯಾಟ್ರಿ ಮೂರು ವರ್ಷದ ಪದವಿ. ಆಮೇಲೆ ಎಚ್‌ಸಿಪಿಸಿ ಅನ್ನುವ ಸಂಸ್ಥೆಯಲ್ಲಿ ನೋಂದಣಿ ಇಲ್ಲದೆ ಆ ಹೆಸರನ್ನೇ ಹಾಕಿಕೊಳ್ಳುವಂತಿಲ್ಲ. ಬೇರೆ ಪದವಿ ಇದ್ದವರಿಗೆ ಎರಡು ವರ್ಷದ ಎಂಎಸ್‌ಸಿ ದಾರಿಯೂ ಅಲ್ಲಿದೆ. ಅಮೆರಿಕದಲ್ಲಿ ಪದವಿಯ ಮೇಲೆ ನಾಲ್ಕು ವರ್ಷದ ಡಿಪಿಎಂ ಅನ್ನುವ ಪೊಡಿಯಾಟ್ರಿ ಡಾಕ್ಟರ್ ಪದವಿ, ಮತ್ತೆ ಮೂರು ವರ್ಷ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ತರಬೇತಿ; ಅಲ್ಲಿಯ ಪೊಡಿಯಾಟ್ರಿಸ್ಟರು ಪಾದದ ಆಪರೇಷನ್ನನ್ನೂ ಮಾಡುತ್ತಾರೆ. ನಮ್ಮಲ್ಲಿ ಆಪರೇಷನ್ ಸರ್ಜನ್ನರ ಕೆಲಸ. ಉಳಿದ ಪಾದದ ಆರೈಕೆಗೆ ಬಹಳ ಮಂದಿ ಫಿಸಿಯೋಥೆರಪಿ, ನರ್ಸಿಂಗ್, ಪ್ರಾಸ್ಥೆಟಿಕ್ಸ್ (ಕೃತಕ ಕೈಕಾಲು ಮಾಡುವ ವಿದ್ಯೆ) ಕಡೆಯಿಂದ ಬರುತ್ತಾರೆ. ಚಪ್ಪಲಿ, ಇನ್‌ಸೋಲ್ ಮಾಡುವುದರಲ್ಲಿ ಆಸಕ್ತಿ ಇದ್ದರೆ ಪ್ರಾಸ್ಥೆಟಿಕ್ಸ್-ಆರ್ಥೋಟಿಕ್ಸ್ ಪದವಿ ನೋಡಬಹುದು, ಮುಂಬಯಿಯ ಹಾಜಿ ಅಲಿಯಲ್ಲಿರುವ ಕೇಂದ್ರ ಸರ್ಕಾರದ ಪುನರ್ವಸತಿ ಸಂಸ್ಥೆಯಲ್ಲಿ ಅದನ್ನು ಕಲಿಸುತ್ತಾರೆ. ನಮ್ಮ ದೇಶದ 2021ರ ಅಲೈಡ್ ಹೆಲ್ತ್‌ಕೇರ್ (ವೈದ್ಯಕೀಯ ಪೂರಕ ವೃತ್ತಿಗಳ) ಕಾಯ್ದೆಯ ಪಟ್ಟಿಯಲ್ಲಿ ಪೊಡಿಯಾಟ್ರಿಸ್ಟ್ ಅನ್ನುವ ಹೆಸರು ಇದೆ. ಇದು ನಮ್ಮಂಥವರಿಗೆ ದೊಡ್ಡ ಧೈರ್ಯ.

ಎರಡು ದಿನದ ವರ್ಕ್‌ಶಾಪಿನ ಸರ್ಟಿಫಿಕೇಟು ಗೋಡೆಗೆ ಹಾಕಿಕೊಂಡು ಬ್ಲೇಡು ಹಿಡಿಯುವವರನ್ನು ಕಂಡರೆ ನನಗೆ ಹೆದರಿಕೆಯಾಗುತ್ತದೆ. ಫೀಸು ಕಟ್ಟುವ ಮೊದಲು ಎರಡೇ ಪ್ರಶ್ನೆ ಕೇಳು ತಂಗಿ: ಈ ಸರ್ಟಿಫಿಕೇಟನ್ನು ಯಾರು ಮಾನ್ಯ ಮಾಡಿದ್ದಾರೆ, ಮತ್ತು ಕೋರ್ಸ್ ಮುಗಿಯುವಷ್ಟರಲ್ಲಿ ಎಷ್ಟು ರೋಗಿಗಳ ಪಾದ ನನ್ನ ಕೈಗೆ ಬರುತ್ತದೆ? ಎರಡನೆಯದಕ್ಕೆ ಉತ್ತರ ತಡವರಿಸಿದರೆ ಅಲ್ಲಿಂದ ಎದ್ದು ಬಾ.

ಅಲ್ಲಿಯವರೆಗೆ ಮನೆಯಲ್ಲೇ ಶುರು ಮಾಡು. ಸಕ್ಕರೆ ಕಾಯಿಲೆ ಇರುವ ಹಿರಿಯರ ಚಪ್ಪಲಿ ತಿರುಗಿಸಿ ನೋಡು, ಎಲ್ಲಿ ಹೆಚ್ಚು ಸವೆದಿದೆ ಅಂತ. ಬೂಟಿನೊಳಗೆ ಕೈ ಹಾಕಿ ತಡವು. ನಡೆಯುವಾಗ ಚಪ್ಪಲಿ ಕಾಲಿಂದ ಜಾರಿ ಬಿದ್ದದ್ದು ಗೊತ್ತಾಗದೆ ಮುಂದೆ ಹೋದದ್ದುಂಟೇ ಅಂತ ಕೇಳು. ಕೇಳಿ ಸುಮ್ಮನೆ ಕೂಡು, ಅವರು ನೆನಪು ಮಾಡಿಕೊಳ್ಳಲಿ. ಏನು ಹೇಳಿದರು ಅಂತ ಬರೆದಿಟ್ಟುಕೊಂಡು ಪುಣೆಗೆ ಬಾ. ಗುರುವಾರ ನಮ್ಮಲ್ಲಿ ಪಟ್ಟು ಬದಲಿಸುವ ದಿನ, ಬೆಳಿಗ್ಗೆ ಒಂಬತ್ತಕ್ಕೆ ಬಂದರೆ ಪಕ್ಕದಲ್ಲೇ ನಿಲ್ಲಿಸಿಕೊಂಡು ತೋರಿಸುತ್ತೇನೆ.